ಉಲ್ಟಾ ತಿರುಗುವ ಗುಂಡಿ

ರೇಡಿಯೊದ ವಾಲ್ಯೂಮ್ ಗುಂಡಿ ಮೊನ್ನೆ ಕರಕರ ಎನ್ನತೊಡಗಿತು. ಹಿಂಬದಿ ಬಿಚ್ಚಿ, ಗುಂಡಿಯ ಸಂದಿಗೆ ಎರಡು ಹನಿ ಸ್ಪಿರಿಟ್ ಬಿಟ್ಟು ಆಚೆ ಈಚೆ ತಿರುಗಿಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಿಬವೇವಾಡಿಯ ನಮ್ಮ ಪಕ್ಕದ ಮನೆಯ ಕಾಕಾ ಎದುರಿಗೆ ಬಂದು ಕೂತಂತಾಯಿತು...

ಧಾರವಾಡದ ಕಡೆಯವರು. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಇಂಥ ಗುಂಡಿಗಳನ್ನು ಪರೀಕ್ಷಿಸುವುದೇ ಅವರ ನೌಕರಿ. ತೊಂಬತ್ತರ ದಶಕದಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದ ನನಗೆ ಮೀಟರ್ ಹಿಡಿಯಲು ಕಲಿಸಿದವರೂ ಅವರೇ.

"ಗುಂಡಿಗೆ ವೈರ್ ಬೆಸಿಯೋ ಮೂರು ಕಾಲು ಅದಾವ ನೋಡವಾ. ಎರಡೂ ಬದಿ ಕಾಲಿಗೆ ಮೀಟರ್ ಹಚ್ಚಿದ್ರ, ಗುಂಡಿ ಎಷ್ಟು ತಿರುವಿದ್ರೂ ಮುಳ್ಳು ಅಲುಗಂಗಿಲ್ಲ. ನಡುವಿನದಕ್ಕೊಂದು, ಬದಿಯದಕ್ಕೊಂದು ಹಚ್ಚು, ಆಗ ಸರೀತದ."

ಬದಿ ಕಾಲುಗಳು ಅದಲುಬದಲಾದರೆ ಎಂದು ಕೇಳಿದ್ದೆ.

"ಸಪ್ಪಳ ಉಲ್ಟಾ! ಅಂಥಾದ್ದು ಕತ್ತೆನ ಮಾಡಬೇಕು."

ಅಂಥ ಕಾಕಾ ನಿವೃತ್ತರಾದ ಮೇಲೆ ತಮ್ಮದೇ ರೇಡಿಯೊಗೆ ಹೊಸ ಗುಂಡಿ ಕೂರಿಸಿ, ಅದೇ ಕಾಲುಗಳನ್ನು ಅದಲುಬದಲು ಮಾಡಿಟ್ಟರು! ಬಲಕ್ಕೆ ತಿರುಗಿಸಿದರೆ ದನಿ ಇಳಿಯುತ್ತಿತ್ತು. ಅಷ್ಟರಲ್ಲಾಗಲೇ ಅವರು ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದರು, ಸ್ವಂತ ಮನೆ ಬಾಗಿಲು ದಾಟಿ ಮುಂದೆ ಹೋಗುತ್ತಿದ್ದರು. ತಮ್ಮ ಕೈಯ ಮೇಲಿನ ನಂಬಿಕೆಯೊಂದೇ ಉಳಿದಿತ್ತು. ಈಗ ಅದೂ ಹೋಯಿತೇ ಎಂದು ನನಗೆ ದಿಗಿಲಾಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಹೆಂಡತಿ ಕಾಕು, "ನಾನ ಹಂಗ ಮಾಡ್ರಿ ಅಂದೀನಿ. ನನ್ನ ಕೈಗೆ ಅದ ಬರೋಬ್ಬರಿ" ಎಂದುಬಿಟ್ಟರು. ಕಾಕಾ ಹೌದೌದೆಂದು ನಕ್ಕರು, ಮುಖದಲ್ಲಿ ಮಾತ್ರ ಗಲಿಬಿಲಿ.

ಕಾಕಾ ಇಲ್ಲದಾಗ, ಸರಿಮಾಡಿ ಕೊಡಲೇ ಎಂದು ಕಾಕುವನ್ನು ಕೇಳಿದೆ.

"ಬ್ಯಾಡವಾ, ಅವರಿಗೆ ಗೊತ್ತಾಗತದ" ಎಂದು ಚಹಾಕ್ಕೆ ಇಟ್ಟರು.

ಮುಂದೆ ಎಷ್ಟೋ ವರ್ಷ ಕಾಕು ಒಮ್ಮೆಯೂ ತಪ್ಪದೆ ಉಲ್ಟಾ ತಿರುಗಿಸಿದರು. ಬಂದವರಿಗೂ "ನಮ್ಮನ್ಯಾಗ ಹಿಂಗ" ಎಂದು ಕಲಿಸಿದರು. ನಾನೂ ಕಲಿತೆ.

ಕಾಕಾ ತೀರಿಕೊಂಡ ಬೆಳಿಗ್ಗೆ ರೇಡಿಯೊ ಹಾಡುತ್ತಲೇ ಇತ್ತು. ದನಿ ತಗ್ಗಿಸಲು ಹೋದ ಕಾಕು ಅವತ್ತು ಎಲ್ಲರ ಹಾಗೆ ಎಡಕ್ಕೆ ತಿರುಗಿಸಿದರು. ಹಾಡು ಮನೆ ತುಂಬ ಅಬ್ಬರಿಸಿತು. ಅಲ್ಲಿಯವರೆಗೂ ಅಳದಿದ್ದ ಜೀವ ಗುಂಡಿ ಹಿಡಿದೇ ಬಿಕ್ಕಿತು. "ಇನ್ನ ಯಾರ ಸಲವಾಗಿ ಉಲ್ಟಾ ತಿರುವಲವ್ವಾ..."

ಈಗ ಕಾಕುವೂ ಇಲ್ಲ, ಆ ರೇಡಿಯೊ ನನ್ನ ಪಾಲಿಗೆ ಬಂದಿದೆ. ಮೊನ್ನೆ ಬಿಚ್ಚಿದ್ದು ಅದನ್ನೇ. ಸ್ಪಿರಿಟ್ ಬಿಟ್ಟದ್ದಕ್ಕೆ ಕರಕರ ಹೋಯಿತು. ಹಾಗೆಯೇ ಕಾಲುಗಳನ್ನೂ ಸರಿಪಡಿಸೋಣವೆಂದು ಸೋಲ್ಡರಿಂಗ್ ಕಡ್ಡಿ ಕಾಯಿಸಿದೆ. ಯಾಕೋ ಕೈ ಮುಂದೆ ಹೋಗಲಿಲ್ಲ. ಕಾಕಾಗೆ ತಮ್ಮ ತಪ್ಪು ನಿಜಕ್ಕೂ ಗೊತ್ತಿರಲಿಲ್ಲವೇ? ಅಥವಾ ಗೊತ್ತಿದ್ದೂ, ಕಾಕುವಿನ ಸುಳ್ಳು ಬಯಲಾಗದಿರಲೆಂದು ಸುಮ್ಮನಿದ್ದರೇ? ಎಷ್ಟು ಯೋಚಿಸಿದರೂ ತಲೆಗೆ ಹತ್ತುತ್ತಿಲ್ಲ, ಕೇಳೋಣವೆಂದರೆ ಇಬ್ಬರೂ ಇಲ್ಲ.

ಕಡ್ಡಿ ಆರಿಸಿ ರೇಡಿಯೊ ಹಚ್ಚಿದೆ. ದನಿ ತಗ್ಗಿಸಲು ನನ್ನ ಕೈ ತಾನಾಗಿಯೇ ಬಲಕ್ಕೆ ಹೋಯಿತು.