ಮಾರದ ಮಜ್ಜಿಗೆ

ಎಂಬತ್ತರ ದಶಕದಲ್ಲಿ ಮಾಸ್ತರನಾಗಿ ಐಗಳಿ ಎಂಬ ಗಡಿ ಹಳ್ಳಿಗೆ ಬಂದ ಮೊದಲ ವಾರವೇ, ಪಕ್ಕದ ಮನೆಯ ಆಯಿ ಒಂದು ಚರಿಗೆ ಮಜ್ಜಿಗೆ ತಂದಳು. ನಾನು ಕಿಸೆಗೆ ಕೈಹಾಕಿದ್ದಕ್ಕೆ ಮುದುಕಿಗೆ ಸಿಟ್ಟೇ ಬಂತು.

“ಯಾರರ ಮಜ್ಜಿಗಿ ಮಾರ್ತಾರೇನ್ರಿ ಮಾಸ್ತರ್ರ? ರೊಕ್ಕ ಒಳಗಿಟ್ಕೋರಿ.”

ಆ ಊರಲ್ಲಿ ಹಾಲಿಗೆ ದುಡ್ಡು ತೆಗೆದುಕೊಳ್ಳುತ್ತಿದ್ದರು, ಮಜ್ಜಿಗೆಗೆ ಇಲ್ಲ. ಪುಕ್ಕಟೆ ಸಿಕ್ಕಿತೆಂದು ಹಿಗ್ಗಿದ ನನ್ನ ದಡ್ಡತನಕ್ಕೆ ಏನು ಹೇಳಲಿ!

ಭಾನುವಾರ ಆಯಿ ಮಿರಜಿನ ಮಗಳ ಮರಾಠಿ ಪತ್ರ ಹಿಡಿದು ಬಂದಳು. ಓದಿ ಹೇಳಿ, ಉತ್ತರವನ್ನೂ ಬರೆದುಕೊಟ್ಟೆ. ಮುಂದಿನ ಭಾನುವಾರ ಅವಳ ಮಗನ ಪಂಪ್‌ಸೆಟ್ಟಿಗೆ ಕರೆಂಟು ಕೇಳುವ ಅರ್ಜಿ. ಆಮೇಲೆ ಮೈದುನನ ಅರ್ಜಿ, ಮೈದುನನ ಬೀಗರ ಅರ್ಜಿ. ದಿನಾ ಮಜ್ಜಿಗೆ ಕುಡಿಯುವವನು ಯಾವ ಮುಖ ಇಟ್ಟುಕೊಂಡು ಆಗುವುದಿಲ್ಲ ಅನ್ನಲಿ? ರೊಕ್ಕ ಕೊಟ್ಟಿದ್ದರೆ ಅಲ್ಲಿಗೇ ಚುಕ್ತಾ ಆಗುತ್ತಿತ್ತು. ಇದಕ್ಕೆ ಕೊನೆಯೇ ಇರಲಿಲ್ಲ. ಒಮ್ಮೆ ತಲೆನೋವೆಂದು ಸುಳ್ಳು ಹೇಳಿ ಬಾಗಿಲು ಹಾಕಿಕೊಂಡೆ. ಮರುದಿನದ ಮಜ್ಜಿಗೆ ಎಂದಿಗಿಂತ ಗಟ್ಟಿಯಾಗಿತ್ತು, ಮೇಲೆ ಬೆಣ್ಣೆಯೂ ತೇಲುತ್ತಿತ್ತು. ಸೋತು, ನಾನೇ ಪೆನ್ನು ಹಿಡಿದು ಅವರ ಮನೆಗೆ ಹೋದೆ.

ನಾಲ್ಕು ವರ್ಷದ ಮೇಲೆ ಚಿಕ್ಕೋಡಿಗೆ ವರ್ಗವಾಯಿತು. ಮೊದಲ ಭಾನುವಾರ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದು ಗ್ಲಾಸು ಮಜ್ಜಿಗೆ ಕುಡಿದೆ. ನೀರೇ ಹೆಚ್ಚು, ಉಪ್ಪು ಅದಕ್ಕಿಂತ ಹೆಚ್ಚು. ಗಲ್ಲಾದ ಮೇಲೆ ಎಂಟಾಣೆ ಇಟ್ಟೆ. ಅಲ್ಲಿ ಕೂತವನು ನನ್ನ ಮುಖ ಕೂಡ ನೋಡದೆ ಅದನ್ನು ಒಳಗೆ ಹಾಕಿಕೊಂಡ.

ಅಷ್ಟೇ. ಎಂಟಾಣೆಗೆ ನನ್ನ ಭಾನುವಾರ ನನಗೆ ವಾಪಸು ಸಿಕ್ಕಿತು. ಅದನ್ನಿಟ್ಟುಕೊಂಡು ಏನು ಮಾಡಬೇಕೆಂದು ತಿಳಿಯದೆ, ರೂಮಿಗೆ ಹೋಗಿ ಸಂಜೆಯವರೆಗೆ ಮಲಗಿಬಿಟ್ಟೆ.