ತಾತನ ವಾಸ್ಕೋ ಡ ಗಾಮ

ಅವರ ಹುಬ್ಬಿನ ನಿಜವಾದ ಬಣ್ಣ ಯಾವುದೆಂದು ನನಗೆ ಕೊನೆಗೂ ತಿಳಿಯಲಿಲ್ಲ. ಸದಾ ಪ್ಲಾಸ್ಟರ್ ಪುಡಿ ಕೂತು ಬೆಳ್ಳಗಿರುತ್ತಿತ್ತು, ಕೆಮ್ಮಿದಾಗ ಉದುರುತ್ತಿತ್ತು. ಕೆಸರೆಯಲ್ಲಿ ನಮ್ಮ ಪಕ್ಕದ ಮನೆಯ ತಾತ, ಚರ್ಚುಗಳಿಗೆ ಸಂತರ ಪ್ರತಿಮೆ ಮಾಡುತ್ತಿದ್ದವರು. ನಾನು ಮದುವೆ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡುವವನು, ಊರವರನ್ನೆಲ್ಲ ಅಣಕಿಸಿ ಊಟ ಮಾಡುವವನು. ಅವರ ಕೆಮ್ಮನ್ನು ಅವರೆದುರೇ ಅಣಕಿಸುತ್ತಿದ್ದೆ.

"ಚೆನ್ನಾಗದೆ ಕಣೋ ಕಪಿ. ಕಫ ಸಾಲ್ದು" ಎನ್ನುತ್ತಿದ್ದರು.

ಚರ್ಚುಗಳಿಗೆ ಫೈಬರ್ ಸಂತರು ಬಂದ ಮೇಲೆ ತಾತನಿಗೆ ಮುರಿದ ಮೂಗು, ಬೆರಳುಗಳ ರಿಪೇರಿ ಮಾತ್ರ ಉಳಿದಿತ್ತು. ಆಗ ಕಲ್ಲಿಕೋಟೆ ಕಡೆಯ ಕಡಲತೀರದಲ್ಲಿ ಯಾರೋ ಕಟ್ಟುತ್ತಿದ್ದ ಪುಟ್ಟ ಮ್ಯೂಸಿಯಮ್ಮಿನವರು ವಾಸ್ಕೋ ಡ ಗಾಮನ ಪ್ರತಿಮೆ ಬೇಕೆಂದು ಬಂದರು.

"ನನ್ ಸಂತರೆಲ್ಲ ಗೂಡೊಳಗೇ ನಿಂತವ್ರೆ. ಇವ್ನೊಬ್ಬ ಸಮುದ್ರ ನೋಡ್ಕಂಡ್ ನಿಲ್ತಾನೆ. ಅಲ್ಲಿಗೆ ಹೋಗಿ ನೋಡ್ಕಂಬರೋಣ ಕಣೋ" ಎಂದರು ತಾತ. ಅವರು ಸಮುದ್ರವನ್ನೇ ಕಂಡವರಲ್ಲ.

ಮಾದರಿಗೆ ನಾನೇ ನಿಂತೆ. ಬೇಸಗೆಯಲ್ಲಿ ಅಮ್ಮನ ಕಂಬಳಿ ಹೊದ್ದು, ಕೈ ಚಾಚಿ, ದೂರದ ಮೇಟಗಳ್ಳಿಯನ್ನೇ ಕಡಲೆಂದುಕೊಂಡು ದಿಟ್ಟಿಸಿದೆ.

ಮ್ಯೂಸಿಯಮ್ಮಿನವರು ಪ್ರತಿಮೆ ನೋಡಲು ಬಂದರು. "ಇವನ್ಯಾಕೆ ಆಶೀರ್ವಾದ ಮಾಡ್ತಿದಾನೆ?" ಎಂದು ಒಬ್ಬರು ಕೇಳಿದರು. ನೋಡಿದರೆ, ಬಲಗೈ ಎತ್ತಿ, ಎರಡು ಬೆರಳು ನೆಟ್ಟಗೆ, ಥೇಟ್ ಸಂತ!

"ಕೈ ತಾನಾಗೇ ಅಂಗೆ ಹೋಗ್ಬುಡ್ತು" ಎಂದರು ತಾತ, ಮಗುವಿನಂತೆ.

"ಅವನು ಬಂದು ಫಿರಂಗಿ ಹೊಡೆದ, ತಾತ; ಆಶೀರ್ವಾದ ಮಾಡ್ಲಿಲ್ಲ. ಕೈ ಸಮುದ್ರ ತೋರಿಸ್ಬೇಕು. ಮುಂದಿನ ವಾರ ಬರ್ತೀವಿ, ಸರಿಹೋಗದಿದ್ರೆ ಬೇಡ."

ಆ ಕೈಯನ್ನು ತಾತನೇ ಗರಗಸದಿಂದ ಕೊಯ್ದರು. ಆಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಬೆರಳುಗಳ ಪುಡಿ ಒರೆಸಿದರು.

ನಾನು ಮತ್ತೆ ನಿಂತೆ. ಸಾಲುಸಾಲು ಮದುವೆ ಮುಗಿಸಿ ಬಂದಿದ್ದ ನನಗೆ ಕಣ್ಣು ಎಳೆಯುತ್ತಿತ್ತು. ಅವರು ಎರಡು ಸಲ ಮೆತ್ತಿ ಹತ್ತು ಸಲ ಕೆಮ್ಮುತ್ತಿದ್ದರು. ಹೊಸ ಕೈ ಮಾಡಿ ಮುಗಿಸಿದಾಗ ನೋಡಿದರೆ ಗಾಮನ ಬೆರಳು ನೆಲ ತೋರಿಸುತ್ತಿದೆ! ನನ್ನ ತೋಳು ಇಷ್ಟಿಷ್ಟೇ ಇಳಿದಿತ್ತು; ಅವರು ಕಂಡಂತೆ ಮಾಡಿದ್ದರು.

"ತಾತ, ನಾನೇ ಹಾಳ್ಮಾಡ್ಬುಟ್ಟೆ."

"ಇಳೀತಾ ಅದೆ ಅಂತ ಗೊತ್ತಾಯ್ತಿತ್ತು ಕಣೋ. ಅಷ್ಟು ದೂರದಿಂದ ಬಂದೋನು, ಸುಸ್ತಾಗಿರಲ್ವಾ? ಬುಡು. ನಂಗೂ ಇನ್ನು ಎತ್ತಕ್ಕಾಗಲ್ಲ."

ಮ್ಯೂಸಿಯಮ್ಮಿನವರು ಬಂದು ಪ್ರತಿಮೆಯನ್ನು ಎರಡು ಸುತ್ತು ಹಾಕಿದರು. ಯಾರ ದನಿಯಲ್ಲಿ ಬೇಡಿಕೊಳ್ಳಲಿ ಎಂದು ನಾನು ಲೆಕ್ಕ ಹಾಕುತ್ತಿದ್ದೆ. "ಓ! 'ಇಲ್ಲೇ ಇಳಿದೆ' ಅಂತ ತೋರಿಸ್ತಿದಾನಾ? ಭೇಷ್!" ಎಂದರು ಅವರಲ್ಲೊಬ್ಬರು. ಸುಳ್ಳು ಹೇಳಲು ಬಾರದ ತಾತ ಕೆಮ್ಮಿದರು. ಪಕ್ಕದಲ್ಲೇ ನಾನೂ ಕೆಮ್ಮಿದೆ, ಅವರದೇ ಕೆಮ್ಮು.

ಮ್ಯೂಸಿಯಂ ಬಾಗಿಲು ತೆರೆಯುವ ಮೊದಲೇ ತಾತ ಹೋಗಿಬಿಟ್ಟರು. ಕೊಯ್ದ ಕೈ ನಮ್ಮ ಮನೆಯಲ್ಲಿದೆ; ಅಮ್ಮ ದಿನಾ ಅದಕ್ಕೂ ಒಂದು ಹೂವಿಡುತ್ತಾಳೆ.

ನಾನೊಬ್ಬನೇ ಹೋಗಿ ನೋಡಿ ಬಂದೆ. ಕಿಟಕಿಯ ಪಕ್ಕ, ಕಡಲಿಗೆ ಮುಖ ಮಾಡಿ, ನನ್ನದೇ ಮೂಗು ಹೊತ್ತ ಗಾಮ ನಿಂತಿದ್ದಾನೆ. ಗೈಡು ಬೆರಳಿನ ಅರ್ಥವನ್ನು ಬಂದವರಿಗೆಲ್ಲ ವಿವರಿಸುತ್ತಿದ್ದ.

ಹೊರಗೆ ಬಂದು, ನೀರಿಗೆದುರಾಗಿ ನಿಂತು, ತಾತನ ಕೆಮ್ಮನ್ನು ಒಂದೇ ಸಲ ಕೆಮ್ಮಿದೆ. ಈ ಸಲ ಕಫ ಸಾಕಾಗಿತ್ತು.