ಬೆಕ್ಕು ಮುಟ್ಟದ ಮೀನು

ಮಾವಳ್ಳಿಯ ಮೊಗೇರ ಕೇರಿಯ ನಾಗಿಗೆ ಬೇರೆಯವರು ಹೇಳಿದ ಬೆಲೆಯನ್ನು ಹಾಗೆಯೇ ಕೊಟ್ಟು ಗೊತ್ತಿರಲಿಲ್ಲ. ತಾನು ಹೇಳಿದ ಬೆಲೆಯನ್ನು ಇಳಿಸಿಯೂ ಗೊತ್ತಿರಲಿಲ್ಲ. ಭಟ್ಕಳದ ಮೀನುಪೇಟೆಯಲ್ಲಿ ನವಾಯತ ಮುಸ್ಲಿಮರ ಅಡಿಗೆಯವರೊಡನೆ ಅವರ ಮಾತಿನಲ್ಲೇ ಚೌಕಾಸಿ ಮಾಡುತ್ತಿದ್ದಳು, ಉಪ್ಪು ಮಾರುವವನೊಡನೆ ಕೊಂಕಣಿಯಲ್ಲಿ. ಜಗಳಕ್ಕೆ ಮಾತ್ರ ಕನ್ನಡವನ್ನು ಎತ್ತಿಟ್ಟಿದ್ದಳು. ಗಂಡನನ್ನು ಸಮುದ್ರ ತೆಗೆದುಕೊಂಡಾಗಲೂ, ಸಮುದ್ರದ ಮೇಲೆ ದಾವೆ ಹೂಡಲು ಬರುವುದಿಲ್ಲವೆಂಬ ಒಂದೇ ಕಾರಣಕ್ಕೆ ಇವಳು ಸುಮ್ಮನಾದಳು ಎಂದು ಕೇರಿಯವರು ಹೇಳಿಕೊಳ್ಳುತ್ತಿದ್ದರು. ಒಣಮೀನು ಮಾರಿಯೇ ಮಗ ಈರನನ್ನು ದೋಣಿ ಹತ್ತುವಷ್ಟು ಎತ್ತರಕ್ಕೆ ಬೆಳೆಸಿದಳು.

ಸಾವಿರದ ಒಂಬೈನೂರ ಅರವತ್ತೈದರ ಹೊತ್ತಿಗೆ ಕರೆಂಟಿನ ಕಂಬಗಳು ಹೆದ್ದಾರಿ ಬಿಟ್ಟು ಕೇರಿಗೂ ಇಳಿದವು. ಈರ ದೀಪದ ಎರಡು ಬುರುಡೆ ಹಾಕಿಸಿದ. ಒಂದು ಒಳಗೆ, ಇನ್ನೊಂದು ಅಂಗಳದಲ್ಲಿ, ಮಾಡಿನ ಅಂಚಿನಿಂದ ಬಗ್ಗಿ ಬಂದ ಕಬ್ಬಿಣದ ಪೈಪಿನ ತುದಿಗೆ. ಅಂಗಳದ್ದು ನಾಗಿಯ ಹಟ. ಮೊದಲ ಬಸ್ಸಿಗೆ ಮುಂಚೆ ಮೀನು ಸೀಳಿ ಉಪ್ಪು ಹಚ್ಚಬೇಕು; ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಕತ್ತಿ ಮೀನನ್ನೂ ಬೆರಳನ್ನೂ ಬೇರೆ ಮಾಡಿ ನೋಡುವುದಿಲ್ಲ. ಆ ಚಳಿಗಾಲದಲ್ಲೇ ಈರನಿಗೆ ಹೆಬಳೆ ಊರಿನ ಮಂಗಲಾ ಎಂಬ ಹುಡುಗಿಯನ್ನು ತಂದರು. ಮನೆಗೆ ಎರಡು ದೀಪ ಒಟ್ಟಿಗೇ ಬಂದವು ಎಂದು ಈರ ನಗೆಯಾಡಿದರೆ, "ಒಂದಕ್ಕೆ ಸ್ವಿಚ್ಚು ಉಂಟು, ಮತ್ತೊಂದಕ್ಕೆ ನಾನೇ" ಎಂದು ನಾಗಿ ಸೇರಿಸುತ್ತಿದ್ದಳು.

ಮೀನು ನೇತುಹಾಕುವ ತೆಂಗಿನ ಹಗ್ಗ ಉಪ್ಪು ಕುಡಿದು ವರ್ಷಕ್ಕೊಮ್ಮೆ ಕೊಳೆಯುತ್ತಿತ್ತು. ಈರ ಅದನ್ನು ಬಿಚ್ಚಿ ಎಸೆದು ಕಬ್ಬಿಣದ ತಂತಿ ತಂದ. ದೋಣಿಯ ಮೊಗೇರನ ಕಣ್ಣಿಗೆ ಕಂಬವಾಗಲಿ ಪೈಪಾಗಲಿ ಏನನ್ನಾದರೂ ಕಟ್ಟುವುದಕ್ಕೆ ಇರುವುದು. ತಂತಿಯ ಒಂದು ತುದಿಯನ್ನು ಅಂಗಳದ ದೀಪದ ಪೈಪಿಗೆ ಬಿಗಿದ. ಇನ್ನೊಂದನ್ನು ಬಾವಿಯ ಪಕ್ಕ ಒದ್ದೆ ಮರಳಿನಲ್ಲಿ ಅರ್ಧ ಹೂತು ಬಿದ್ದಿದ್ದ ಅಪ್ಪನ ಕಾಲದ ಲಂಗರಿಗೆ. ಸೀಳಿದ ಸೊರ, ತೊರಕೆ ಮೀನುಗಳು ಆ ತಂತಿಯ ಮೇಲೆ ಗಾಳಿಗೆ ತೂಗುತ್ತ ಒಣಗಿದವು. ನಾಗಿ ಪೇಟೆಯಲ್ಲಿ ಮಗನ ಬುದ್ಧಿಯನ್ನು ಮೀನಿಗಿಂತ ಹೆಚ್ಚು ಹೊಗಳಿ ಮಾರಿದಳು.

ಮಾಘದಲ್ಲಿ ಒಂದು ವಿಶೇಷ ನಡೆಯಿತು. ಕೇರಿಯ ಕಿವಿಹರಕ ಗಂಡುಬೆಕ್ಕು ಹಿಂಗಾಲಿನ ಮೇಲೆ ನಿಂತು ಒಂದು ತೊರಕೆಯ ಬಾಲಕ್ಕೆ ಬಾಯಿ ಹಾಕಿತು. ಹಾಕಿದ್ದೇ ತಡ, ಕಿರುಚಿ ಆಳೆತ್ತರ ಹಾರಿ ಬೇಲಿ ದಾಟಿ ಹೋಯಿತು. ಆಮೇಲೆ ಬೆಕ್ಕಿನ ಕುಲವೇ ಆ ಅಂಗಳಕ್ಕೆ ಬರಲಿಲ್ಲ. ಊರ ಗಡಿ ಕಾಯುವ ಜಟಕ ದೇವರು ತನ್ನ ಮೀನನ್ನೂ ಕಾಯಲು ಶುರುಮಾಡಿದ್ದಾನೆಂದು ನಾಗಿ ಅವನಿಗೆ ಕಾಯಿ ಒಡೆದಳು.

ದೇವರ ಹಿಂದೆಯೇ ಕರೆಂಟಿನ ಬಿಲ್ಲು ಬಂತು. ಅದುವರೆಗೆ ಬರುತ್ತಿದ್ದದ್ದು ಮಕ್ಕಳಾಟದ ಬಿಲ್ಲು. ಇದು ಎದೆಗೇ ಗುರಿಯಿಟ್ಟದ್ದು. ಎರಡು ರೂಪಾಯಿ ಚಿಲ್ಲರೆ ಇದ್ದದ್ದು ಮೂವತ್ತು ದಾಟಿತ್ತು. ಕಟ್ಟದಿದ್ದರೆ ತಂತಿ ಕತ್ತರಿಸುತ್ತೇವೆ ಎಂದು ಕೆಳಗೆ ಅಚ್ಚಾಗಿತ್ತು.

ನಾಗಿ ಟಾಯರ್ ಚಪ್ಪಲಿ ಮೆಟ್ಟಿ ಪೇಟೆಯ ಕರೆಂಟ್ ಆಫೀಸಿಗೆ ಹೋದಳು. ಟಾರು ರಸ್ತೆಯ ಬಿಸಿಗೆಂದು ಕೊಂಡ ಚಪ್ಪಲಿ ಅದು. ಗುಮಾಸ್ತ ಮೀನಿನ ವಾಸನೆಗೆ ಮೂಗಿಗೆ ಕರವಸ್ತ್ರ ಹಿಡಿದೇ ಅವಳ ದೂರು ಕೇಳಿಸಿಕೊಂಡ.

"ಒಡ್ಯಾ, ಇರೂದು ಎರಡೇ ಬುರುಡೆ. ಎರಡೂ ಆರ್ಸಿ ಕಂಡೆ. ಮೀಟರ್ ಡಬ್ಬಿ ಒಳಗಿನ ಚಕ್ರ ತಿರುಗ್ತಾನೇ ಇತ್ತು."

"ಹಾಗಾದ್ರೆ ನಿಮ್ಮನೇಲಿ ದೆವ್ವ ಪರೀಕ್ಷೆಗೆ ಓದ್ತಾ ಇರ್ಬೇಕು."

"ದೆವ್ವ ಎಂತಕ್ಕೆ ಬರ್ತದೆ? ನಮ್ಮ ಅಂಗಳ ಜಟಕ ಕಾಯ್ತ. ನೇತುಹಾಕಿದ ಮೀನಿಗೆ ಬೆಕ್ಕು ಸೈತ ಬಾಯಿ ಹಾಕೂದಿಲ್ಲ, ಹಾಕಿದ್ರೆ ಹಾರಿ ಬೀಳ್ತದೆ. ಬೇಕಾರೆ ಬಂದು ಕಾಣಿ."

"ಬೆಕ್ಕಿನ ವಿಷಯಕ್ಕೆ ಬೇರೆ ಅರ್ಜಿ ಕೊಡು. ಮೀಟರು ಸುಳ್ಳು ಹೇಳೂದಿಲ್ಲ, ತಿಳೀತಾ? ಹೇಳೂದು ಮನುಷ್ಯರು."

"ಯಾರನ್ನಾರೂ ಕಳ್ಸಿ ಮತ್ತೆ. ಬಂದು ಕಾಣೂಕೆ ಎಂತ ಕಷ್ಟ?"

"ತಾಲೂಕಿಗೆಲ್ಲ ಇರೂದು ಒಬ್ಬ ಲೈನ್‌ಮನ್. ಬರ್ತಾನೆ, ಹೋಗು."

ನಿಜ ಪೂರ್ತಿಯಾಗಿ ಅವಳ ಬಾಯಿಂದ ಹೊರಬಿದ್ದಿತ್ತು. ಹೇಳಿದವಳಿಗೂ ತಿಳಿಯಲಿಲ್ಲ, ಕೇಳಿದವನಿಗೂ ತಿಳಿಯಲಿಲ್ಲ. ಗಾಳಿಗೆ ಮೀನು ತೂಗಿದಾಗಲೆಲ್ಲ ಪೈಪು ಅಲುಗಿ, ಅದರ ಬಾಯಿಗೆ ಉಜ್ಜಿ, ಒಳಗಿನ ವಯರಿನ ಹೊದಿಕೆ ಹರಿದಿತ್ತು. ದೀಪ ಜೋಡಿಸಿದವನು ಅವಸರದಲ್ಲಿ ಸ್ವಿಚ್ಚನ್ನು ತಪ್ಪು ವಯರಿಗೆ ಕೊಟ್ಟಿದ್ದರಿಂದ, ಆರಿಸಿದರೂ ಅದರಲ್ಲಿ ಜೀವ ಇರುತ್ತಿತ್ತು. ಕರೆಂಟು ಪೈಪಿಗೆ ಇಳಿದು, ಮೀನಿನ ತಂತಿಯುದ್ದ ಹರಿದು, ಲಂಗರಿನ ಮೂಲಕ ಹಗಲೂ ರಾತ್ರಿ ಮರಳು ಸೇರುತ್ತಿತ್ತು. ಸಮುದ್ರದಲ್ಲಿ ದೋಣಿಯನ್ನು ನಿಲ್ಲಿಸುತ್ತಿದ್ದ ಲಂಗರು ದಡದಲ್ಲಿ ಕರೆಂಟನ್ನು ನಿಲ್ಲಗೊಡಲಿಲ್ಲ. ಆಫೀಸಿನಲ್ಲಿ ಇದಕ್ಕೆ ಅರ್ಥ್ ಎನ್ನುತ್ತಾರೆ. ಅದರ ಅರ್ಥವನ್ನು ನಾಗಿಗೆ ಬಿಡಿಸಿ ಹೇಳಬೇಕಾದವನು ಕರವಸ್ತ್ರ ಮಡಚಿ ಊಟಕ್ಕೆ ಎದ್ದಿದ್ದ.

ಸುಳ್ಳಿ ಎನ್ನಿಸಿಕೊಂಡ ಉರಿಯಲ್ಲಿ ನಾಗಿ ಮನೆಗೆ ಬಂದಾಗ ಮಂಗಲಾ ಅಂಗಳದಲ್ಲಿ ಕೈ ಉಜ್ಜಿಕೊಳ್ಳುತ್ತ ನಿಂತಿದ್ದಳು.

"ಅತ್ತೆ, ಆ ತಂತಿ ಕಚ್ತದೆ."

"ಎಂತದು?"

"ಮೀನು ಹಾಕೂಕೆ ಹೋದ್ರೆ ಕೈ ಜುಮ್ ಅಂತದೆ. ನಿನ್ನೆನೂ ಹಾಂಗೇ ಆತು."

"ತಂತಿಗೆ ಹಲ್ಲು ಬಂತಾ? ಹೆಬಳೆಯಲ್ಲಿ ಕೆಲಸ ತಪ್ಸೂಕೆ ಹಿಂಗೆಲ್ಲ ಕಲಿಸ್ತ್ರಾ?"

ಹಾಗೆಂದು ಸುಮ್ಮನೆ ಗದರಿಸಿ ಬಿಡುವ ಹೆಂಗಸಲ್ಲ ನಾಗಿ. ಪರೀಕ್ಷೆ ಮಾಡಿಯೇ ತೀರ್ಪು ಕೊಡುವವಳು. ಬುಟ್ಟಿ ಇಳಿಸಿ, ಮೆಟ್ಟಿದ ಚಪ್ಪಲಿಯಲ್ಲೇ ನಡೆದು ಹೋಗಿ, ತಂತಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಉಪ್ಪಿನಿಂದ ಜಡ್ಡುಗಟ್ಟಿದ ಒಣ ಅಂಗೈ, ಕಾಲ ಕೆಳಗೆ ಟಾಯರು. ಏನೂ ಆಗಲಿಲ್ಲ.

"ಕಂಡೆಯಾ? ನನ್ನ ಎಂತಕ್ಕೆ ಕಚ್ಚಲಿಲ್ಲ? ಮುದುಕಿ ಮಾಂಸ ರುಚಿ ಇಲ್ಲ ಅಂತವಾ?"

ಮಂಗಲಾ ತನ್ನ ಬರಿಗಾಲನ್ನು ನೋಡಿಕೊಂಡಳು. ಆಮೇಲೆ ಆ ಮಾತು ಎತ್ತಲಿಲ್ಲ. ಅಡಕೆಯ ಹಾಳೆಯೊಂದನ್ನು ಕಾಲಡಿಗೆ ಹಾಕಿಕೊಂಡು ಮೀನು ನೇತುಹಾಕುವುದನ್ನು ತಾನೇ ಕಂಡುಕೊಂಡಳು. ಸೊಸೆಗೆ ಕಾಲು ಮಣ್ಣಾಗಬಾರದಂತೆ ಎಂದು ನಾಗಿ ನೆರೆಮನೆಗೆ ಕೇಳುವ ಹಾಗೆ ಆಡಿಕೊಂಡಳು.

ಬಿಲ್ಲಿನ ಹಟ ಮಾತ್ರ ಬಿಡಲಿಲ್ಲ. ಇಡೀ ಒಂದು ತಿಂಗಳು ಎರಡೂ ದೀಪ ಹೊತ್ತಿಸಕೂಡದೆಂದು ನಾಗಿಯ ಅಪ್ಪಣೆಯಾಯಿತು. ಕರೆಂಟು ಇದ್ದ ಮನೆಯಲ್ಲಿ ಚಿಮಣಿ ಬುಡ್ಡಿ ಮತ್ತೆ ಬಂದು ಕೂತಿತು. ಕತ್ತಲಲ್ಲಿ ಮೀನಿನ ಜೊತೆ ನಾಗಿಯ ಹೆಬ್ಬೆರಳೂ ಸೀಳಿತು. ಉರಿಸದ ದೀಪಕ್ಕೆ ಬಿಲ್ಲು ಹೇಗೆ ಬರೆಯುತ್ತಾರೋ ನೋಡಿಯೇಬಿಡುತ್ತೇನೆ ಎಂದು ಕಾದಳು. ಅವರು ಬರೆದರು, ಮೊದಲಿನದಕ್ಕಿಂತ ಹೆಚ್ಚು. ಈ ಸಲ ಗುಮಾಸ್ತ ನಗಲಿಲ್ಲ.

"ನೀನು ಉರಿಸೂದಿಲ್ಲ ಅಂದ್ರೆ ಬೇರೆ ಯಾರಿಗೋ ಕೊಡ್ತಾ ಇದ್ದೀ ಅಂತ ಆತು. ಅದು ಕಳ್ಳತನ. ಮಳೆ ಹಿಡಿಯೂದ್ರೊಳಗೆ ದುಡ್ಡು ಕಟ್ಟು. ಇಲ್ಲಾಂದ್ರೆ ಲೈನ್ ಕತ್ತರ್ಸೂಕೆ ಲೈನ್‌ಮನ್ ಬರ್ತಾನೆ."

"ಕತ್ತರ್ಸೂಕೆ ಬರ್ತ, ಕಾಣೂಕೆ ಬರೂದಿಲ್ಲ ಅಲ್ದಾ?" ಎಂದಳು ನಾಗಿ.

ನಲವತ್ತು ವರ್ಷ ತಕ್ಕಡಿ ಹಿಡಿದವಳು. ತೂಕದಲ್ಲಿ ಮೋಸ ಮಾಡಿದಳೆಂದು ಶತ್ರುವೂ ಹೇಳಿರಲಿಲ್ಲ. ಬಸ್ಸಿನಲ್ಲಿ ಇಡೀ ದಾರಿ ಕಳ್ಳತನ ಎಂಬ ಆ ಒಂದು ಶಬ್ದ ಅವಳ ಪಕ್ಕದಲ್ಲೇ ಕೂತು ಬಂತು.

ಅವಳು ಕೇರಿಗೆ ಇಳಿಯುವಾಗ ಪಡುವಣದಲ್ಲಿ ಮೋಡ ಕಪ್ಪಾಗಿತ್ತು. ವರ್ಷದ ಮೊದಲ ಮಳೆ ದೊಡ್ಡ ಹನಿಗಳಲ್ಲಿ ಶುರುವಾಯಿತು. ಕಟ್ಟಬೇಕಾದ ದುಡ್ಡೆಲ್ಲ ತಂತಿಯ ಮೇಲೆ ಮೀನಾಗಿ ತೂಗುತ್ತಿತ್ತು. ಈರ ಕಡಲ ಬದಿ ದೋಣಿ ಎಳೆಯಲು ಹೋಗಿದ್ದ. ಗಾಳಿ ಅಡಕೆಯ ಹಾಳೆಯನ್ನು ಬೇಲಿಯಾಚೆ ಒಯ್ದಿತ್ತು. ಮಂಗಲಾ ಮೆಟ್ಟಿಲ ಮೇಲೆ ಬುಟ್ಟಿ ಹಿಡಿದು, ಇಳಿಯಲೋ ಬೇಡವೋ ಎಂದು ನಿಂತಿದ್ದಳು.

"ಎಂತ ನಿಂತ್ಕಂಡೆ? ಮೀನು ತೆಗಿ," ಎಂದು ನಾಗಿ ಬೇಲಿಬಾಗಿಲ ದಣಪೆಯಿಂದಲೇ ಕೂಗಿದಳು.

"ಅತ್ತೆ, ತಂತಿ..."

"ನಿನ್ನ ತಂತಿ ಮನೆ ಹಾಳಾತು. ಹೋಗು."

ಮಂಗಲಾ ಹೋದಳು. ಒದ್ದೆ ಅಂಗಳ, ಬರಿಗಾಲು, ಒದ್ದೆ ಕೈ. ನಾಗಿ ನೋಡಿದಾಗ ಅವಳು ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು ತಲೆ ಬಗ್ಗಿಸಿ ನಿಂತಿದ್ದಳು. ಸಿಟ್ಟು ತೋರಿಸುತ್ತಿದ್ದಾಳೆ ಎಂದುಕೊಂಡು ನಾಗಿ ಇನ್ನೆರಡು ಮಾತು ಬೈದಳು. ತೊಯ್ದ ಚಪ್ಪಲಿಯಲ್ಲೇ ಹತ್ತಿರ ಹೋಗಿ ಭುಜ ಹಿಡಿದಾಗ ಯಾರೋ ದೋಣಿಯ ಹುಟ್ಟಿನಿಂದ ಬಡಿದಂತಾಗಿ ನಾಗಿ ಹಿಂದಕ್ಕೆ ಬಿದ್ದಳು. ಆಗಲೂ ಹುಡುಗಿ ನಿಂತೇ ಇದ್ದಳು. ನೆರೆಮನೆಯ ಜಟ್ಟ ಓಡಿಬಂದು ಮರದ ಹುಟ್ಟಿನಿಂದಲೇ ತಂತಿಯನ್ನು ಹೊಡೆದು ಹರಿದ ಮೇಲೆ ಮಂಗಲಾ ಮೀನುಗಳ ನಡುವೆ ಬಿದ್ದಳು. ಮತ್ತೆ ಏಳಲಿಲ್ಲ.

ಮರುದಿನ ಬೆಳಿಗ್ಗೆ ಆಫೀಸಿನ ಜೀಪು ಬಂತು. ಇಷ್ಟು ದಿನ ಒಬ್ಬನನ್ನು ಕಳಿಸಲು ಬಿಡುವಿಲ್ಲದ ಕಡೆಯಿಂದ ನಾಲ್ವರು ಇಳಿದರು. ಲೈನ್‌ಮನ್ ಪೈಪಿನ ಬಾಯಿ ನೋಡಿದ, ತಂತಿ ನೋಡಿದ, ಲಂಗರು ನೋಡಿದ. ಒಂದು ಬೀಡಿ ಸೇದಿ ಮುಗಿಯುವ ಮುಂಚೆ ಎಲ್ಲ ಹೇಳಿಬಿಟ್ಟ. ದೊಡ್ಡ ಸಾಹೇಬರು ಗೋಡೆಯ ಡಬ್ಬಿ ಪರೀಕ್ಷಿಸಿ, ಮೀಟರು ಸರಿಯಾಗಿಯೇ ಇದೆ ಎಂದರು. ಈರ ತಾನು ಬಿಗಿದ ಗಂಟನ್ನೇ ನೋಡುತ್ತ ಬಾವಿಕಟ್ಟೆಯ ಬಳಿ ಕುಕ್ಕರಗಾಲಿನಲ್ಲಿ ಕೂತಿದ್ದ.

ಹೆಬಳೆಯಿಂದ ಬಂದ ಮಂಗಲಳ ತಾಯಿ ಎದೆ ಬಡಿದುಕೊಳ್ಳಲಿಲ್ಲ. ನಾಗಿಯ ಎದುರು ಕೂತು ಒಂದೇ ಮಾತು ಕೇಳಿದಳು.

"ಅವ್ಳು ಎಂತದೂ ಹೇಳಿರ್ಲಿಲ್ವಾ?"

ಯಾವ ಪ್ರಶ್ನೆಗೂ ಎರಡು ಉತ್ತರ ಇಟ್ಟುಕೊಂಡಿರುತ್ತಿದ್ದ ನಾಗಿಯ ಬಳಿ ಈ ಸಲ ಒಂದೇ ಇತ್ತು.

"ಹೇಳಿದ್ಲು," ಎಂದಳು.

ವಾರ ಕಳೆದು ಆಫೀಸಿಗೆ ಹೋದಾಗ ಗುಮಾಸ್ತ ಎದ್ದು ನಿಂತ. ಕರವಸ್ತ್ರ ಜೇಬಿನಲ್ಲೇ ಇತ್ತು.

"ಎರಡೂ ಬಿಲ್ಲು ಮನ್ನಾ ಮಾಡ್ಸೂಕೆ ಮೇಲಿನವರಿಗೆ ಬರೀತೇನೆ, ಅಮ್ಮಾ. ನೀವು ಕಟ್ಟೂದು ಬೇಡ."

"ಕಟ್ತೆ," ಎಂದು ನಾಗಿ ಸೆರಗಿನ ಗಂಟು ಬಿಚ್ಚಿದಳು. "ನಮ್ಮನೇಲೇ ಖರ್ಚಾದ್ದು. ನಿಮ್ಮ ಡಬ್ಬಿ ಸುಳ್ಳು ಹೇಳಲಿಲ್ಲ." ಆಮೇಲೆ, ಅವನಿಗಲ್ಲದೆ ಯಾರಿಗೋ ಹೇಳುವಂತೆ, "ಹುಡ್ಗೀನೂ ಸುಳ್ಳು ಹೇಳಲಿಲ್ಲ," ಎಂದಳು.

ಹೇಳಿದ ಬೆಲೆಯನ್ನು ಅವಳು ಚೌಕಾಸಿಯಿಲ್ಲದೆ ಕೊಟ್ಟದ್ದು ಅದೇ ಮೊದಲು. ಕೊಟ್ಟು, ಲೈನನ್ನೂ ಕತ್ತರಿಸಿಬಿಡಿ ಎಂದಳು.

ಮಳೆಗಾಲ ಮುಗಿದ ಮೇಲೆ ಈರ ಅಂಗಳದಲ್ಲಿ ತೆಂಗಿನ ಹಗ್ಗ ಕಟ್ಟಿದ. ಮೀನು ನೇತುಹಾಕುವ ಕೆಲಸ ಮತ್ತೆ ನಾಗಿಯದಾಯಿತು. ಚಪ್ಪಲಿಯನ್ನು ದಣಪೆಯ ಆಚೆಯೇ ಬಿಟ್ಟು ಅಂಗಳಕ್ಕೆ ಬರುತ್ತಿದ್ದಳು. ಒಂದು ಮಧ್ಯಾಹ್ನ ಕಿವಿಹರಕ ಬೆಕ್ಕು ಬೇಲಿಯಡಿಯಿಂದ ನುಸುಳಿತು. ಹೆದರಿ ಹೆದರಿ ಹಗ್ಗದ ಕೆಳಗೆ ಬಂದು, ಹಿಂಗಾಲಿನ ಮೇಲೆ ನಿಂತು, ತೊರಕೆಯ ಬಾಲವನ್ನು ಮೂಗಿನಿಂದ ಮುಟ್ಟಿ ನೋಡಿತು. ಏನೂ ಆಗಲಿಲ್ಲ. ಮೀನನ್ನು ಕಚ್ಚಿ ಎಳೆದು ಕೆಳಗೆ ಕೆಡವಿ, ಅಲ್ಲೇ ಕೂತು ತಿನ್ನತೊಡಗಿತು.

ನಾಗಿಯ ಕೈಯಳತೆಯಲ್ಲೇ ಅಂಗಳ ಗುಡಿಸುವ ಕಡ್ಡಿಹಿಡಿ ಇತ್ತು. ಬೆಕ್ಕು ತಿಂದು ಮುಗಿಸುವವರೆಗೂ ಅವಳು ಅದನ್ನು ಎತ್ತಲಿಲ್ಲ.